ದೊಣೆಯ ನೀರಿಗೆ ಬಂದ ಹಕ್ಕಿ

ಹೊರಗಿನಿಂದ ಬಂದ ಬೀಗರಿಗೆ ಊರು ತೋರಿಸುವಾಗ ನಮ್ಮ ಕಡೆಯವರ ಬಾಯಲ್ಲಿ ಮೊದಲು ಬರುವ ಮಾತು ಒಂದೇ: "ಇಲ್ಲೇನೈತ್ರಿ, ಬರೇ ಕಲ್ಲು." ಹಡಗಲಿಯವರಿಗೆ ತುಂಗಭದ್ರೆಯ ದಂಡೆ ಇದೆ, ಮಲ್ಲಿಗೆ ಇದೆ. ಹಗರಿಬೊಮ್ಮನಹಳ್ಳಿಯವರಿಗೆ ಹಿನ್ನೀರು ಇದೆ. ಹರಪನಹಳ್ಳಿಯವರು ಕೆರೆಗಳನ್ನು ಹೆಸರಿಟ್ಟು ಹೇಳುತ್ತಾರೆ. ಕೊಟ್ಟೂರಿಗೆ ಗುರುಬಸವೇಶ್ವರನ ತೇರು ಸಾಕು. ಕೂಡ್ಲಿಗಿಯವರ ಪಾಲಿಗೆ ಉಳಿದದ್ದು ಕಲ್ಲು, ಜಾಲಿ, ಬಿಸಿಲು. ನಾನೂ ಹಾಗೆಯೇ ಹೇಳುತ್ತ ಬೆಳೆದವನು. ಆ ಮಾತು ನನ್ನ ಬಾಯಿಂದ ಬಿಟ್ಟುಹೋದದ್ದು ಒಂದು ಹಕ್ಕಿಯನ್ನು ಕಂಡ ದಿನ. ಅದನ್ನೇ ಹೇಳುತ್ತೇನೆ, ಕೇಳಿ.

ಗುಡೇಕೋಟೆ ಆಗಿನ್ನೂ ಕರಡಿಧಾಮ ಆಗಿರಲಿಲ್ಲ. ಅದು ಆದದ್ದು 2013ರಲ್ಲಿ. ನಾನು ಹೇಳುವುದು ಅದಕ್ಕೂ ಕೆಲವು ವರ್ಷ ಹಿಂದಿನ ಮಾತು. ವಿಜಯನಗರ ಜಿಲ್ಲೆ ಹುಟ್ಟಿರಲಿಲ್ಲ, ಕೊಟ್ಟೂರು ತಾಲ್ಲೂಕಾಗಿರಲಿಲ್ಲ, ಹರಪನಹಳ್ಳಿ ಇನ್ನೂ ದಾವಣಗೆರೆ ಜಿಲ್ಲೆಯಲ್ಲಿತ್ತು. ನನ್ನ ಸೋದರಮಾವ ಕೂಡ್ಲಿಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರು. ಹಕ್ಕಿಯ ಹುಚ್ಚು ಹತ್ತಿಸಿದವನು ಅವನೇ. ಅವನ ಕೊರಳಲ್ಲಿ ಸದಾ ಒಂದು ಹಳೆಯ ದುರ್ಬೀನು, ಚೀಲದಲ್ಲಿ ಪೂರ್ಣಚಂದ್ರ ತೇಜಸ್ವಿಯವರ 'ಕನ್ನಡ ನಾಡಿನ ಹಕ್ಕಿಗಳು'. ಪುಟಗಳ ಅಂಚು ಬೆವರಿಗೆ ಕಂದಿಹೋಗಿದ್ದವು.

ಮೊದಮೊದಲು ಅವನು ನನ್ನನ್ನು ಕರೆದುಕೊಂಡು ಹೋಗುತ್ತಿದ್ದದ್ದು ಹಗರಿಬೊಮ್ಮನಹಳ್ಳಿ ಕಡೆಯ ಅಂಕಸಮುದ್ರ ಕೆರೆಗೆ. ನೀರಿನ ನಡುವೆ ಕರಿಜಾಲಿ ಮರಗಳು, ಮರದ ತುಂಬ ಬಣ್ಣದ ಕೊಕ್ಕರೆ, ಬಿಳಿ ಕೆಂಬರಲು, ನೀರುಕಾಗೆ. ಅಲ್ಲಿ ಹಕ್ಕಿಯನ್ನು ಹುಡುಕುವ ಪ್ರಶ್ನೆಯೇ ಇಲ್ಲ, ಏರಿಯ ಮೇಲೆ ನಿಂತರೆ ಸಾಕು, ಕೆರೆಯೇ ಎದ್ದು ಹಾರಿದ ಹಾಗೆ ಕಾಣುತ್ತದೆ. ಆ ಕೆರೆಗೆ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಅಂತ ಹೆಸರಾಯಿತು. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ, ಉತ್ತರ ಕನ್ನಡದ ಅಘನಾಶಿನಿ ಅಳಿವೆ ಇವುಗಳ ಜೊತೆಗೆ ರಾಮ್ಸರ್ ಪಟ್ಟಿಗೂ ಸೇರಿತು. ಆ ಸುದ್ದಿ ಬಂದ ದಿನ ಊರವರು ಸಂಭ್ರಮಪಟ್ಟದ್ದು ನನಗೆ ಬಹಳ ಸಂತೋಷ ಕೊಟ್ಟಿತು. ಎಷ್ಟೋ ವರ್ಷ ಆ ಹಕ್ಕಿಗಳನ್ನು ಕಾದವರು ಕೆರೆಯ ಸುತ್ತಲಿನ ಹಳ್ಳಿಯವರೇ.

ಆದರೆ ಮಾವನ ಮನಸ್ಸಿನಲ್ಲಿ ಕೂತಿದ್ದ ಹಕ್ಕಿ ನೀರಿನದಲ್ಲ. ಒಂದು ಸಂಜೆ ಏರಿಯಿಂದ ಇಳಿಯುವಾಗ ಅವನೇ ಮಾತು ತೆಗೆದ. "ಅಳಿಯಾ, ನೀರು ಇದ್ದಲ್ಲಿ ಹಕ್ಕಿ ಬರೋದು ಸಹಜ. ಕಲ್ಲು ಇದೆ ಅಂತಲೇ ಬದುಕಿರೋ ಹಕ್ಕಿ ಒಂದೈತೆ. ಅದನ್ನ ನಾನೂ ಕಂಡಿಲ್ಲ."

ಅದು ಹಳದಿ ಕೊರಳಿನ ಪಿಕಳಾರ. ಪಿಕಳಾರ ಅಂದರೆ ನಮಗೆ ಹೊಸತಲ್ಲ. ತಲೆ ಕಪ್ಪಗೆ, ಬಾಲದ ಬುಡ ಕೆಂಪಗೆ ಇರುವುದು ಪ್ರತಿ ಹಿತ್ತಲಲ್ಲೂ ಪಪ್ಪಾಯಿ ಹಣ್ಣು ಕುಕ್ಕುತ್ತಿರುತ್ತದೆ. ಇದು ಅದರ ದಾಯಾದಿ. 1845ರಲ್ಲಿ ಮದ್ರಾಸ್ ಸೈನ್ಯದಲ್ಲಿ ವೈದ್ಯನಾಗಿದ್ದ ಜೆರ್ಡನ್ ಇದನ್ನು ಮೊದಲು ವಿಜ್ಞಾನದ ಲೆಕ್ಕಕ್ಕೆ ತಂದ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಇದಕ್ಕೆ ಬೇರೆ ನೆಲೆ ಇಲ್ಲ. ನಮ್ಮ ರಾಜ್ಯದಲ್ಲಿ ನಂದಿಬೆಟ್ಟ, ರಾಮನಗರ, ದೇವರಾಯನದುರ್ಗ, ದರೋಜಿ. ಆಂಧ್ರದ ಹಾರ್ಸ್‌ಲಿ ಬೆಟ್ಟ. ತಮಿಳುನಾಡಿನ ಜಿಂಜಿ ಕೋಟೆ: ಹೀಗೆ ಇದು ಸಿಕ್ಕ ಊರುಗಳನ್ನೆಲ್ಲ ಮಾವ ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟಿದ್ದ. ಬರೆದು, ಪಕ್ಕದಲ್ಲಿ ಒಂದೇ ಪದ: 'ಬಂಡೆ'. ಎಲ್ಲ ಊರಿನ ಮುಂದೆಯೂ ಅದೇ ಪದ. ಕೊನೆಯಲ್ಲಿ ಗುಡೇಕೋಟೆ ಅಂತ ಬರೆದು ಮುಂದೆ ಪ್ರಶ್ನೆ ಚಿಹ್ನೆ ಹಾಕಿದ್ದ.

ಮೈಲಾರದ ಕಾರ್ಣಿಕ ಮುಗಿದಿತ್ತು, ಕೊಟ್ಟೂರ ತೇರು ಇನ್ನೂ ಆಗಬೇಕಿತ್ತು. ದಾವಣಗೆರೆ ಕಡೆಯಿಂದ ತೇರಿಗೆ ನಡೆದು ಬರುವವರಿಗೆ ದಾರಿಯುದ್ದಕ್ಕೂ ಪ್ರಸಾದದ ಏರ್ಪಾಡು ಆಗುವ ಕಾಲ. ಹಗಲು ಕಾಯಲು ಶುರುವಾಗಿತ್ತು, ಬೆಳಗಿನ ಜಾವ ಮಾತ್ರ ಚಳಿ. ನಾವಿಬ್ಬರೂ ಸಂಜೆಯ ಬಸ್ಸಿಗೆ ಗುಡೇಕೋಟೆಗೆ ಹೋಗಿ ಮಾವನ ಪರಿಚಯದವರೊಬ್ಬರ ಮನೆಯಲ್ಲಿ ಉಳಿದೆವು.

ಗುಡೇಕೋಟೆಯನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ಅಲ್ಲಿ ಊರಿನ ನಡುವೆ ಬಂಡೆ ಇದೆ ಅನ್ನುವುದಕ್ಕಿಂತ ಬಂಡೆಗಳ ನಡುವೆ ಊರು ಜಾಗ ಮಾಡಿಕೊಂಡಿದೆ ಅನ್ನಬೇಕು. ಪಾಳೆಯಗಾರರು ಕಟ್ಟಿದ ಕೋಟೆಗೆ ಅರ್ಧ ಗೋಡೆ ಬೆಟ್ಟವೇ ಆಗಿದೆ. ಚಿತ್ರದುರ್ಗದ ಒನಕೆ ಓಬವ್ವ ಈ ಊರಿನ ಮಗಳು ಅಂತ ಇಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ. ಆ ರಾತ್ರಿ ಊಟಕ್ಕೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ. ಊಟದ ಮೇಲೆ ಅಂಗಳದಲ್ಲಿ ಒಂದಿಷ್ಟು ತೊಗರಿಕಟ್ಟಿಗೆ ಹಚ್ಚಿ ಕೂತಾಗ ಮಾತೆಲ್ಲ ಕರಡಿಯದೇ. ಯಾರ ಹೊಲದಲ್ಲಿ ಯಾವಾಗ ಬಂತು, ಹುತ್ತ ಹೇಗೆ ಬಗೆದಿತ್ತು, ಸೀತಾಫಲದ ಕಾಲದಲ್ಲಿ ಮರದ ಕೆಳಗೆ ಏನು ಉಳಿಸಿತ್ತು. ಮನೆಯ ಯಜಮಾನರು ಕೊನೆಗೆ ಕೇಳಿದರು, "ಮೇಷ್ಟ್ರೇ, ನೀವೂ ಕರಡಿ ನೋಡಾಕೇ ಬಂದಿರೇನು?"

"ಇಲ್ಲಣ್ಣಾ, ಪಿಕಳಾರ ನೋಡಾಕೆ."

ಅವರು ಒಂದು ಗಳಿಗೆ ಸುಮ್ಮನಿದ್ದು, "ಪಿಕಳಾರ ನಮ್ಮ ಹಿತ್ತಲಾಗೇ ಅದಾವಲ್ಲ" ಅಂದರು. ಮಾವ ಪುಸ್ತಕ ತೆಗೆದು ಬೆಂಕಿಯ ಬೆಳಕಿಗೆ ಹಿಡಿದು ಈ ಪಿಕಳಾರ ಆ ಪಿಕಳಾರ ಅಲ್ಲ ಅಂತ ಬಿಡಿಸಿ ಹೇಳಿದ. ಮನೆಯ ಅಜ್ಜಿಯಿಂದ ಹಿಡಿದು ಮಕ್ಕಳವರೆಗೆ ಎಲ್ಲರೂ ಬಂದು ಬಗ್ಗಿ ನೋಡಿದರು. ನೋಡಿದವರ ಪೈಕಿ ಆ ಮನೆಯ ಆಡು ಕಾಯುವ ಮುದುಕರೊಬ್ಬರು ಮಾತ್ರ ಏನೂ ಹೇಳದೆ ಎರಡು ಸಲ ನೋಡಿದರು.

ಮರುದಿನ ಬೆಳಕು ಹರಿಯುವ ಮೊದಲೇ ಹೊರಡಬೇಕೆಂದು ನಮ್ಮ ಲೆಕ್ಕ. ಆ ಅಜ್ಜ ಬಾಗಿಲಲ್ಲೇ ತಡೆದರು. "ಮೇಷ್ಟ್ರೇ, ಬಿಸಿಲು ಬೀಳೋತನಕ ಬಂಡೆ ಸಂದಿಗೆ ಹೋಗಬ್ಯಾಡ್ರಿ. ರಾತ್ರಿ ಮೇಯಾಕೆ ಹೋದ ಕರಡಿ ತಿರುಗಿ ಗವಿಗೆ ಬರೋ ಹೊತ್ತು ಇದು. ಅದಕ್ಕೆ ಕಣ್ಣು ಮಂದ. ಎದುರಿಗೆ ಸಿಕ್ಕರೆ ಗಾಬರಿಯಾಗಿ ಮೈಮ್ಯಾಲೆ ಬರ್ತೈತೆ." ಹಾಗಾಗಿ ಚಹಾ ಕುಡಿದು, ಅವರ ಆಡುಗಳ ಜೊತೆಗೇ ಹೊರಟೆವು. ಆ ವಿವೇಕಕ್ಕೆ ನಾನು ಈಗಲೂ ಕೈಮುಗಿಯುತ್ತೇನೆ. ದಾರಿಯಲ್ಲಿ ಬಗೆದ ಹುತ್ತ ಸಿಕ್ಕಿತು, ಮಣ್ಣು ಇನ್ನೂ ಹಸಿಯಾಗಿತ್ತು. ಸ್ವಲ್ಪ ಮುಂದೆ ಬಾರೆಹಣ್ಣಿನ ಬೀಜ ತುಂಬಿದ ಲದ್ದಿ. ಅಜ್ಜ ಕೋಲಿನಿಂದ ತೋರಿಸಿ, "ನಿನ್ನೆ ರಾತ್ರೀದು" ಅಂದರು.

ಗುಡ್ಡದ ಈ ಮಗ್ಗುಲು ಕಾರೆ, ಕವಳೆ, ಬಾರೆ, ಅಲ್ಲಲ್ಲಿ ಎಲೆ ಉದುರಿಸಿದ ಕಮರದ ಮರ. ಬಂಡೆಯ ಸೀಳಿನಲ್ಲಿ ಬೇರು ಇಳಿಬಿಟ್ಟ ಬಸರಿ. ಗೌಜಲಹಕ್ಕಿಗಳು ಕಾಲಡಿಯಿಂದ ಎದ್ದು ಓಡಿದವು. ಬಸರಿಯ ಮರದಲ್ಲಿ ಏನೋ ಅಲುಗಿತು. ನನ್ನ ಎದೆ ಹಾರಿತು. ಮಾವ ದುರ್ಬೀನು ಏರಿಸಿ ನೋಡಿ ಕೆಳಗಿಳಿಸಿದ. "ಬಿಳಿ ಹುಬ್ಬಿನ ಪಿಕಳಾರ. ಇದಕ್ಕೂ ಬಾಲದ ಕೆಳಗೆ ಹಳದಿ ಇರ್ತೈತೆ. ಆದರೆ ಮುಖ ನೋಡು, ಮಾಸಲು ಬಣ್ಣ, ಕಣ್ಣಿನ ಮೇಲೆ ಬಿಳಿ ಗೆರೆ." ಅದರ ಗಂಟಲು ಜೋರು, ಪೊದೆಯೊಳಗಿಂದ ಗಳಗಳ ಅಂತ ಸಿಡಿದು ನಿಂತುಬಿಡುತ್ತದೆ. ಅದಾದ ಮೇಲೆ ಅದೇ ದನಿ ಎಲ್ಲ ಕಡೆಯಿಂದ ಬರತೊಡಗಿತು. ಹುಡುಕುವ ಹಕ್ಕಿ ಮಾತ್ರ ಇಲ್ಲ.

ಬಿಸಿಲು ನೆತ್ತಿಯ ಕಡೆ ಹೊರಟಿತು. ನಾವು ಮೇಲೆ ಹತ್ತಿ, ಇಳಿದು, ಮತ್ತೆ ಇನ್ನೊಂದು ಬಂಡೆಯ ಬೆನ್ನು ಹತ್ತಿ ದಣಿದೆವು. ಆಗ ಅಜ್ಜ, ಬೆಳಿಗ್ಗೆಯಿಂದ ಮನಸ್ಸಿನಲ್ಲಿ ತೂಗುತ್ತಿದ್ದದ್ದನ್ನು ಹೇಳುವ ಹಾಗೆ, "ನಿಮ್ಮ ಬುಕ್ಕಿನಾಗಿನ ಹಕ್ಕಿ ನೀರಿಗೆ ಬರ್ತೈತೇನು?" ಅಂತ ಕೇಳಿದರು.

"ಬರಬೇಕು ಅಜ್ಜಾ. ಯಾಕೆ?"

"ಮ್ಯಾಲೆ ಒಂದು ದೊಣೆ ಐತೆ. ಇನ್ನೂ ನೀರು ಆರಿಲ್ಲ. ಆಡು ಕುಡಿಯಾಕೆ ಅಲ್ಲಿಗೇ ಹೊಡಕೊಂಡು ಹೋಗೋದು. ಹಳದಿ ತಲೇದು ಒಂದು ಬಂದು ಕುಂದರ್ತೈತೆ. ಅದು ಇದೇನೋ, ಬ್ಯಾರೇದೋ, ನೀವೇ ನೋಡ್ರಿ."

ಮಾವ ನನ್ನ ಮುಖ ನೋಡಿದ. ಇಬ್ಬರೂ ಏನೂ ಮಾತಾಡಲಿಲ್ಲ. ಅಜ್ಜ ಆಡುಗಳನ್ನು ಕೆಳಗೇ ತರುಬಿ ನಮ್ಮನ್ನು ಒಂದು ಓರೆ ಬಂಡೆಯ ಮೇಲಿಂದ ಹತ್ತಿಸಿದರು. ದೊಣೆ ದೊಡ್ಡದಲ್ಲ. ಮಳೆನೀರು ನಿಂತು ನಿಂತು ಬಂಡೆಯಲ್ಲೇ ಆದ ತಗ್ಗು, ಒಂದು ಆಳು ಮಲಗುವಷ್ಟು ಉದ್ದ. ತಳದಲ್ಲಿ ಹಸಿರಾದ ನೀರು, ಅಂಚಿನ ಕೆಸರಿನಲ್ಲಿ ಆಡಿನ ಗೊರಸು, ಅದರ ಪಕ್ಕದಲ್ಲೇ ಐದು ಬೆರಳಿನ ಅಗಲ ಹೆಜ್ಜೆ, ಉಗುರಿನ ಗೆರೆ ಸಮೇತ. ಕರಡಿಯೂ ಆಡೂ ಒಂದೇ ದೊಣೆಯ ನೀರು ಕುಡಿಯುತ್ತಿದ್ದವು, ಹೊತ್ತು ಮಾತ್ರ ಬೇರೆ. ನಾವು ಎದುರಿನ ದುಂಡು ಬಂಡೆಯ ನೆರಳಿಗೆ ಬೆನ್ನು ಕೊಟ್ಟು ಕೂತೆವು.

ಕಾಯುವುದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕಲ್ಲು ಕಾದಿತ್ತು, ಬೆವರು ಕಣ್ಣಿಗಿಳಿಯುತ್ತಿತ್ತು, ಒಂದು ಓತಿಕ್ಯಾತ ನಮ್ಮನ್ನೇ ನೋಡುತ್ತ ತಲೆ ಹಾಕುತ್ತಿತ್ತು. ಹಿತ್ತಲ ಪಿಕಳಾರ ಎರಡು ಬಂದು ನೀರು ಕುಡಿದು ಹೋದವು. ಬಿಳಿ ಹುಬ್ಬಿನದೂ ಬಂತು.

ಆಮೇಲೆ ಕಾರೆ ಗಿಡದ ಒಳಗೆ ಒಂದು ಎಲೆ ಅಲುಗಿದ್ದು ಕಂಡಿತು. ಗಾಳಿ ಇರಲಿಲ್ಲ. ಮುಳ್ಳಿನ ನಡುವಿನಿಂದ ಒಂದು ತಲೆ ಹೊರಬಂತು.

ಹಳದಿ. ಹೊಲದಂಚಿನ ಕುಸುಬೆ ಹೂವಿನ ಹಳದಿ. ತಲೆ, ಕೆನ್ನೆ, ಕೊರಳು, ಎಲ್ಲೂ ಬೇರೆ ಬಣ್ಣದ ಕಲೆ ಇಲ್ಲ. ಅದು ಒಂದು ಸಲ ಅತ್ತ, ಒಂದು ಸಲ ಇತ್ತ ತಿರುಗಿ ನೋಡಿ ಸರ್ರನೆ ದೊಣೆಯ ಅಂಚಿಗೆ ಇಳಿಯಿತು. ಆಗ ಪೂರ್ತಿ ಹಕ್ಕಿ ಕಂಡಿತು. ಬೆನ್ನು ಒಣಗಿದ ಎಲೆಯ ಹಸಿರು, ಎದೆ ಬೂದು, ಬಾಲದ ಕೆಳಗೆ ಮತ್ತೆ ಹಳದಿ. ಬಾಲ ಬಿಚ್ಚಿದಾಗ ತುದಿಗಳಲ್ಲಿಯೂ ತೆಳು ಹಳದಿಯ ಚುಕ್ಕಿ. ಪುಸ್ತಕದ ಚಿತ್ರದಲ್ಲಿ ನೋಡಿದ್ದೆಲ್ಲ ಅಲ್ಲಿತ್ತು, ಚಿತ್ರದಲ್ಲಿ ಇಲ್ಲದ್ದೂ ಇತ್ತು. ನೀರು ಗುಟುಕರಿಸಿ ತಲೆ ಎತ್ತಿದಾಗ ಆ ಕೊರಳು ಅಲುಗಿದ್ದು, ಕೊಕ್ಕಿನ ತುದಿಯಿಂದ ಒಂದು ಹನಿ ಕಲ್ಲಿನ ಮೇಲೆ ಬಿದ್ದು ಕ್ಷಣದಲ್ಲಿ ಆರಿದ್ದು.

ಮಾವ ನನ್ನ ಭುಜ ಹಿಡಿದಿದ್ದ. ಹಿಡಿದ ಹಿಡಿತ ಬಿಗಿಯಾಗುತ್ತ ಹೋಯಿತು. ಅವನ ಉಸಿರು ನಡುಗುವುದು ನನಗೆ ಕೇಳುತ್ತಿತ್ತು. ಕೂಗಬೇಕು ಅನ್ನಿಸಿತು, ಕೂಗುವಂತಿಲ್ಲ. ಎದ್ದು ಕುಣಿಯಬೇಕು ಅನ್ನಿಸಿತು, ಕಾಲು ಅಲುಗಿಸುವಂತಿಲ್ಲ. ಆ ಸಂತೋಷವೆಲ್ಲ ಮೈಯೊಳಗೇ ಸುತ್ತಿ ಸುತ್ತಿ ಕಣ್ಣಿಗೆ ಬಂತು. ಆಗ ಎರಡನೆಯ ಹಕ್ಕಿಯೂ ಇಳಿಯಿತು. ಜೋಡಿ! ಒಂದು ಕುಡಿಯುವಾಗ ಇನ್ನೊಂದು ಕಾವಲು. ಕುಡಿದದ್ದು ಪಕ್ಕಕ್ಕೆ ಸರಿದು ರೆಕ್ಕೆ ಒದ್ದೆ ಮಾಡಿಕೊಂಡಿತು. ಮಾವ ದುರ್ಬೀನನ್ನು ಮೆಲ್ಲಗೆ ಕೊರಳಿನಿಂದ ತೆಗೆದು ನನ್ನ ಕೈಗಿಟ್ಟ. ಅಷ್ಟು ವರ್ಷ ಕಾದವನು ಅವನು. ಆ ಹೊತ್ತಿನಲ್ಲಿ ತನ್ನ ಕಣ್ಣಿನ ಪಾಲನ್ನು ನನಗೆ ಕೊಟ್ಟ. ಅದನ್ನು ನೆನೆದರೆ ಈಗಲೂ ನನಗೆ ಗಂಟಲು ಕಟ್ಟುತ್ತದೆ.

ಕೆಳಗೆ ತರುಬಿದ್ದ ಆಡುಗಳಿಗೆ ಬಾಯಾರಿತ್ತು. ಒಂದು ಹೋತ ಮುಂದಾಗಿ ಹತ್ತಿಯೇ ಬಿಟ್ಟಿತು. ಹಕ್ಕಿಗಳೆರಡೂ ಎದ್ದು, ಗಿಡಕ್ಕೆ ಹೋಗದೆ, ನೇರ ಮೇಲಿನ ಕಡಿದಾದ ಬಂಡೆಯ ಗೋಡೆಗೆ ಹೋಗಿ ಒಂದು ಸಣ್ಣ ಚಾಚಿನ ಮೇಲೆ ಕೂತವು. ಬೇರೆ ಪಿಕಳಾರಗಳು ಹಾಗೆ ಮಾಡುವುದನ್ನು ನಾನು ನೋಡಿರಲಿಲ್ಲ. ಮಾವ ಆಗ ಪಿಸುಗುಟ್ಟಿದ, "ನೋಡು, ಹೆದರಿಕೆ ಆದ್ರೆ ಅದು ಕಲ್ಲಿನ ಕಡೆ ಓಡ್ತೈತೆ."

ಅಜ್ಜ ಬಂದು ಪಕ್ಕದಲ್ಲಿ ಕೂತರು. "ಇದೇ ಏನ್ರಿ?"

"ಇದೇ ಅಜ್ಜಾ!" ಮಾವನ ದನಿ ಹುಡುಗರ ದನಿಯಾಗಿತ್ತು. "ಈ ಹಕ್ಕಿ ಡೆಲ್ಲಿಯಾಗಿಲ್ಲ, ಲಂಡನ್ನಿನಾಗಿಲ್ಲ. ನಿಮ್ಮ ದೊಣ್ಯಾಗೈತೆ."

ಅಜ್ಜ ಸ್ವಲ್ಪ ಯೋಚಿಸಿ ಕೇಳಿದರು, "ಯಾಕೆ, ಅವರಿಗೆ ಕಲ್ಲಿಲ್ಲೇನು?"

ಆ ಪ್ರಶ್ನೆಗೆ ಮಾವ ಕೊಟ್ಟ ಉತ್ತರ ನನಗೆ ಪಾಠದ ಹಾಗೆ ಬಾಯಿಗೆ ಬರುತ್ತದೆ. ಕಲ್ಲು ಎಲ್ಲ ಕಡೆ ಇರಬಹುದು, ಆದರೆ ಇಂಥ ಗುಂಡುಬಂಡೆ, ಬಂಡೆಯ ಬುಡದಲ್ಲಿ ಇಂಥ ಕಾರೆ ಕವಳೆ, ಸೀಳಿನಲ್ಲಿ ಬಸರಿ, ತಗ್ಗಿನಲ್ಲಿ ದೊಣೆಯ ನೀರು, ಇವೆಲ್ಲ ಒಟ್ಟಿಗೆ ಸಿಗುವುದು ನಮ್ಮ ದಕ್ಷಿಣದ ಬಯಲುಸೀಮೆಯ ಗುಡ್ಡಗಳಲ್ಲಿ. ರಾಮನಗರದ ಕಡೆಯಿಂದ ಹಂಪಿಯ ಕಡೆಗೆ ಒಂದು ಗ್ರಾನೈಟಿನ ಪಟ್ಟಿ ಉದ್ದಕ್ಕೆ ಹಬ್ಬಿದೆ, ಸುಮಾರು 250 ಕೋಟಿ ವರ್ಷದ್ದು. ಇಂಥ ಹಳೆಯ ಕಲ್ಲು ಬಿಸಿಲಿಗೆ ಮಳೆಗೆ ಸೀಳಿ, ಉರುಳಿ, ಒಂದರ ಮೇಲೊಂದು ಕೂತು ಸಂದಿಗಳಾದವು. ಸಂದಿಯಲ್ಲಿ ಮಣ್ಣು ನಿಂತಿತು, ಗಿಡ ಹುಟ್ಟಿತು. ಕರಡಿಗೆ ಗವಿಯಾಯಿತು, ಕೊಂಬಿನ ಗೂಬೆಗೆ ಗೂಡಾಯಿತು, ಈ ಪಿಕಳಾರಕ್ಕೆ ಮನೆಯಾಯಿತು.

ಅಜ್ಜ ಎಲ್ಲ ಕೇಳಿಸಿಕೊಂಡು, "ಹಂಗಾದ್ರೆ ಈ ಗುಡ್ಡ ಒಡೆದ್ರೆ ಅದು ಎಲ್ಲಿಗೆ ಹೋಗಬೇಕು?" ಅಂದರು. ಮಾವ ಅದಕ್ಕೆ ಏನೂ ಹೇಳಲಿಲ್ಲ. ಗ್ರಾನೈಟ್ ಕ್ವಾರಿಯ ಸಿಡಿಮದ್ದಿನ ಸದ್ದು ನಮ್ಮ ಕಡೆಯವರಿಗೆ ಹೊಸದಲ್ಲ. ಈ ಹಕ್ಕಿಯನ್ನು ಅಪಾಯದಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿ ಇಟ್ಟಿರುವುದಕ್ಕೆ ಮುಖ್ಯ ಕಾರಣಗಳಲ್ಲಿ ಕಲ್ಲುಗಣಿಯೂ ಒಂದು. ಕಡಿದ ಕಾಡು ಮತ್ತೆ ಚಿಗುರಬಹುದು, ಬತ್ತಿದ ಕೆರೆ ಮತ್ತೆ ತುಂಬಬಹುದು. ಒಡೆದ ಬಂಡೆ ಮತ್ತೆ ಕೂಡುವುದಿಲ್ಲ. ಮುಂದೆ ಗುಡೇಕೋಟೆಯ ಗುಡ್ಡಗಳು ಕರಡಿಧಾಮವಾದಾಗ ನನಗೆ ಮೊದಲು ನೆನಪಾದದ್ದು ಕರಡಿಯಲ್ಲ, ಆ ದೊಣೆ. ಕರಡಿಯ ಹೆಸರಿನಲ್ಲಿ ಈ ಪುಟ್ಟ ಹಕ್ಕಿಯ ಕಲ್ಲೂ ಉಳಿಯಿತಲ್ಲ ಅಂತ ನೆಮ್ಮದಿಯಾಯಿತು.

ಇಳಿಯುವಾಗ ಮಾವ ಜೆರ್ಡನ್ನನ ಇನ್ನೊಂದು ಹಕ್ಕಿಯ ಕತೆ ಹೇಳಿದ. ಅದೇ ವೈದ್ಯನ ಹೆಸರು ಹೊತ್ತ ಒಂದು ನೆಲದ ಹಕ್ಕಿ, ರಾತ್ರಿ ಓಡಾಡುವಂಥದ್ದು, ಎಷ್ಟೋ ದಶಕ ಯಾರ ಕಣ್ಣಿಗೂ ಬೀಳದೆ ಅಳಿದೇಹೋಯಿತೆಂದು ಎಲ್ಲರೂ ತೀರ್ಮಾನಿಸಿದ್ದರು. 1986ರ ಜನವರಿಯಲ್ಲಿ ಆಂಧ್ರದ ಕಡಪ ಜಿಲ್ಲೆಯಲ್ಲಿ ಐತಣ್ಣ ಎಂಬ ಬೇಟೆಗಾರ ಅದನ್ನು ರಾತ್ರಿ ಹಿಡಿದು ತಂದ. ಸುದ್ದಿ ಕೇಳಿ ಸಾಲಿಂ ಅಲಿಯವರೇ ಹೊರಟು ಬಂದರು. ಆಗ ಅವರಿಗೆ ವಯಸ್ಸು 90ರ ಹತ್ತಿರ. "ವಿಜ್ಞಾನಿಗಳು ಹುಡುಕಿ ಸೋತದ್ದನ್ನ ಊರವನ ಕಣ್ಣು ಹುಡುಕಿತು" ಅಂದು ಮಾವ ಮುಂದೆ ಹೋಗುತ್ತಿದ್ದ ಅಜ್ಜನನ್ನು ನೋಡಿದ. ಅಜ್ಜ ಹಿಂದೆ ತಿರುಗಿ, "ಹಕ್ಕಿ ಹೆಸರು ಇನ್ನೊಂದ್ಸಲ ಹೇಳ್ರಿ ಮೇಷ್ಟ್ರೇ, ಮನ್ಯಾಗೆ ಹುಡುಗರು ಕೇಳ್ತಾವೆ" ಅಂದರು. ಮಾವ ಹೇಳಿದ. ಅವರು ಎರಡು ಮೂರು ಸಲ ಹೇಳಿಕೊಂಡು ಬಾಯಿಪಾಠ ಮಾಡಿದರು.

ನಾನು ಆಮೇಲೆ ಎಷ್ಟೋ ಹಕ್ಕಿಗಳನ್ನು ಮೊದಲ ಸಲ ಕಂಡಿದ್ದೇನೆ. ಹಗರಿಬೊಮ್ಮನಹಳ್ಳಿಯ ಹಿನ್ನೀರಿನಲ್ಲಿ ರಾಜಹಂಸಗಳ ಸಾಲು, ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತು. ಅವನ್ನು ಕಂಡಾಗ ಆಗುವುದು ದೂರದ ನೆಂಟರು ಮನೆಗೆ ಬಂದ ಖುಷಿ. ಆ ದಿನದ್ದು ಬೇರೆ. ಅಂದು ಕಂಡ ಜೀವ ಎಲ್ಲಿಂದಲೂ ಬಂದದ್ದಲ್ಲ. ನಾವು ಬೀಗರ ಮುಂದೆ ನಾಚಿಕೊಂಡು ಹೇಳುತ್ತಿದ್ದ ಅದೇ ಕಲ್ಲಿನ ಮಗು ಅದು. ಸರಕಾರಿ ಕಾಗದದಲ್ಲಿ ಖರಾಬು ಅಂತ ಬರೆಸಿಕೊಂಡ ನೆಲ ಅದಕ್ಕೆ ಇಡೀ ಲೋಕ. ಅದನ್ನು ಕಣ್ಣಾರೆ ಕಂಡ ಮೇಲೆ ಗುಡ್ಡದ ಕಡೆ ತಲೆ ಎತ್ತಿದಾಗ ನನಗೆ ಕಾಣುವುದೇ ಬೇರೆಯಾಯಿತು. ಯಾವ ಸೀಳಿನಲ್ಲಿ ಬಸರಿ ಇದೆ, ಎಲ್ಲಿ ದೊಣೆ ಇರಬಹುದು, ನೆರಳು ಯಾವ ಮಗ್ಗುಲಿಗೆ ಬೀಳುತ್ತದೆ ಅಂತ ಕಣ್ಣು ತಾನಾಗಿಯೇ ಹುಡುಕುತ್ತದೆ.

ಮಧ್ಯಾಹ್ನದ ಬಸ್ಸು ತುಂಬಿ ಬಂತು. ಕೊಟ್ಟೂರ ತೇರಿಗೆ ಹೊರಟ ಹೆಣ್ಣುಮಕ್ಕಳು, ಬುಟ್ಟಿ, ಮಕ್ಕಳು. ನಾವು ಹಿಂದಿನ ಸೀಟಿನಲ್ಲಿ ಇಕ್ಕಟ್ಟಾಗಿ ಕೂತೆವು. ಮಾವ ನೋಟ್ ಪುಸ್ತಕ ತೆಗೆದು ಗುಡೇಕೋಟೆಯ ಮುಂದಿದ್ದ ಪ್ರಶ್ನೆ ಚಿಹ್ನೆಯನ್ನು ಹೊಡೆದುಹಾಕಿದ. ಬಸ್ಸಿನ ಕುಲುಕಾಟಕ್ಕೆ ಅಕ್ಷರ ಸೊಟ್ಟಗಾಗುತ್ತಿದ್ದರೂ ಬಿಡದೆ ಕೆಳಗಿನ ಸಾಲಿನಲ್ಲಿ ಉಚ್ಚಂಗಿದುರ್ಗ ಅಂತ ಬರೆದು, ಮುಂದೆ ಹೊಸದೊಂದು ಪ್ರಶ್ನೆ ಚಿಹ್ನೆ ಹಾಕಿದ.

"ಹರಪನಹಳ್ಳಿ ಕಡೆ ಅಷ್ಟು ದೊಡ್ಡ ಗುಡ್ಡ ಐತೆ, ಅಮ್ಮನ ಗುಡಿ ತನಕ ಮೆಟ್ಟಿಲು ಹತ್ತೋರೆಲ್ಲ ಮುಂದೆ ನೋಡಿಕೊಂಡೇ ಹತ್ತತಾರೆ. ಪಕ್ಕದ ಬಂಡೆ ಯಾರು ನೋಡ್ಯಾರೆ?" ಅಂದ. "ಬರೋ ಭಾನುವಾರ ಹೋಗಾಣ. ಬುತ್ತಿ ಕಟ್ಟಿಸಿಕೊಂಡು ಬಾ ಅಳಿಯಾ."